ನಮ್ಮೂರಿನ ರೇಡಿಯೋವನ್ನು ನಾವೇ ನಡೆಸುವ ಬಗೆ



ಕಳೆದ ಮುಂಗಾರಿನಲ್ಲಿ ನಮ್ಮ ಬ್ಲಾಕಿನ ಒಂದು ಹಳ್ಳಿಯಲ್ಲಿ ಮುಸುಕಿನ ಜೋಳಕ್ಕೆ ಸೈನಿಕ ಹುಳು ಬಿತ್ತು. ಈ ಹುಳು ಹೊರದೇಶದಿಂದ ಬಂದದ್ದು. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು ನಮ್ಮ ರಾಜ್ಯದ ಶಿವಮೊಗ್ಗ ಜಿಲ್ಲೆಯಲ್ಲಿ, 2018ರ ಮೇ ತಿಂಗಳಲ್ಲಿ. ಹುಳು ಮರಿಯಾಗಿರುವಾಗ ಔಷಧಿ ಸಿಂಪಡಿಸಿದರೆ ಸಾಯುತ್ತದೆ. ಬಲಿತು ಸುಳಿಯೊಳಗೆ ಇಳಿದು, ತನ್ನ ಲದ್ದಿಯನ್ನೇ ಮುಚ್ಚಳ ಮಾಡಿಕೊಂಡು ಕುಳಿತ ಮೇಲೆ ಔಷಧಿ ಅದಕ್ಕೆ ತಗಲುವುದೇ ಕಷ್ಟ. ಆದ್ದರಿಂದ ನಾಲ್ಕು ದಿನ ತಡವಾದರೂ ಬೆಳೆಗೆ ನಷ್ಟವೇ.

ಇದು ಗೊತ್ತಿದ್ದುದರಿಂದ ನಾನು ಪಂಚಾಯಿತಿಯ ಹಲಗೆಯ ಮೇಲೆ ಬರೆಸಿದೆ. ಊರಿನವರ ಫೋನುಗಳಿಗೂ ಬರೆದು ಕಳುಹಿಸಿದೆ. ನನ್ನ ಕೆಲಸ ಮುಗಿಯಿತೆಂದುಕೊಂಡೆ. ಹನ್ನೆರಡು ದಿನಗಳ ಮೇಲೆ ವಯಸ್ಸಾದ ಒಬ್ಬ ತಾಯಿ ಜೋಳದ ಗಿಡವೊಂದನ್ನು ಬುಡಸಹಿತ ಕಿತ್ತು ತಂದು ನನ್ನ ಮುಂದಿಟ್ಟರು. ಸುಳಿಯೆಲ್ಲ ಜರಡಿಯಾಗಿತ್ತು.

"ಫೋನಿಗೆ ಬರೆದು ಕಳಿಸಿದ್ದೆನಲ್ಲಮ್ಮ, ನೋಡಲಿಲ್ಲವೇ?" ಎಂದೆ.

"ಬರ್ದಿದ್ದು ಓದಕ್ಕೆ ನಂಗೆಲ್ಲಿ ಬತ್ತದೆ ಸ್ವಾಮಿ? ಬಾಯಲ್ಲಿ ಹೇಳಿದ್ರೆ ಕೇಳ್ತಿದ್ದೆ" ಎಂದರು.

ಆ ತಾಯಿಯ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದಾಗ ನಾನೂ ಆ ಊರಿನ ಯುವಕ ಮಂಡಲದವರೂ ಕಲಿತ ಕೆಲಸವೊಂದನ್ನು ಇಲ್ಲಿ ವಿವರಿಸುತ್ತೇನೆ. ಅಂತರ್ಜಾಲದ ಮೂಲಕ ಊರಿನದೇ ರೇಡಿಯೋ ನಡೆಸುವ ಕೆಲಸ ಅದು. ನಾನು ಓದಿದ್ದು ಬೇಸಾಯದ ಡಿಪ್ಲೊಮಾ. ಕಂಪ್ಯೂಟರ್ ನನ್ನ ಕಸುಬಲ್ಲ. ನನಗೆ ಬಂದದ್ದು ನಿಮಗೂ ಬಂದೀತು.

ಧ್ವನಿಯನ್ನು ಫೋನಿನ ಗುಂಪಿಗೇ ಕಳುಹಿಸಬಹುದಲ್ಲ, ರೇಡಿಯೋ ಯಾಕೆ ಎಂದು ಕೆಲವರು ಕೇಳಿದರು. ಕಳುಹಿಸಬಹುದು. ಆದರೆ ನೂರು ಶುಭೋದಯಗಳ ನಡುವೆ ಅದು ಹೂತುಹೋಗುತ್ತದೆ. ರೇಡಿಯೋಕ್ಕೆ ಗೊತ್ತಾದ ಹೊತ್ತು ಉಂಟು. ಸಂಜೆ ಏಳಕ್ಕೆಂದರೆ ಏಳಕ್ಕೆ. ಹಾಲು ಹಾಕಲು ಹೊತ್ತಿಗೆ ಸರಿಯಾಗಿ ಹೋಗುವ ಹಾಗೆ ಕೇಳುವುದಕ್ಕೂ ಒಂದು ರೂಢಿ ಬೀಳುತ್ತದೆ.

ಹಿಂದೆ ನಡೆದ ದಾರಿ

ರೇಡಿಯೋ ನಡೆಸುವುದು ದೊಡ್ಡ ಸರ್ಕಾರಗಳ ಕೆಲಸ ಮಾತ್ರ ಎಂಬ ಭಾವನೆ ನಮ್ಮಲ್ಲಿದೆ. ಆದರೆ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಪ್ರಸಾರ ಕೇಂದ್ರವನ್ನು ಆರಂಭಿಸಿದರು. ಅದಕ್ಕಿಟ್ಟ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೋಕ್ಕೆ ಹೆಸರಾಯಿತು.

1956ರಲ್ಲಿ ಪುಣೆಯ ಸುತ್ತಿನ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ಆಕಾಶವಾಣಿಯವರು ಯುನೆಸ್ಕೋ ಸಂಸ್ಥೆಯ ಜೊತೆಗೂಡಿ ಒಂದು ಪ್ರಯೋಗ ನಡೆಸಿದರು. ಪ್ರತಿ ಹಳ್ಳಿಯಲ್ಲೂ ರೈತರ ಒಂದು ಕೂಟ. ವಾರಕ್ಕೆ ಎರಡು ದಿನ ಅವರು ಒಟ್ಟಿಗೆ ಕುಳಿತು ಕಾರ್ಯಕ್ರಮ ಕೇಳುವುದು, ಕೇಳಿದ್ದನ್ನು ಚರ್ಚಿಸುವುದು, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆದು ಕಳುಹಿಸುವುದು. ಹೀಗೆ 20 ಕಾರ್ಯಕ್ರಮಗಳು ನಡೆದವು. ಬರಿಯ ಕೇಳುವಿಕೆಗಿಂತ ಕೂಡಿ ಕೇಳಿ ಚರ್ಚಿಸುವುದರಿಂದ ತಿಳಿವಳಿಕೆ ಹೆಚ್ಚುತ್ತದೆಂಬುದು ಆ ಪ್ರಯೋಗದಿಂದ ತಿಳಿದುಬಂತು.

ಗಾಳಿಯಲ್ಲಿ ಹರಿಯುವ ರೇಡಿಯೋ ತರಂಗಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತಿತು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2000ದ ದಶಕದ ಆರಂಭದಲ್ಲಿ ಊರಿನ ಹೆಂಗಸರೂ ಹುಡುಗರೂ ಸೇರಿ 'ನಮ್ಮ ಧ್ವನಿ' ಎಂಬ ಹೆಸರಿನಲ್ಲಿ ಕಾರ್ಯಕ್ರಮ ತಯಾರಿಸಿದರು. ಹಳ್ಳಿಯವರಿಗೆ ಗಾಳಿಯಲ್ಲಿ ಪ್ರಸಾರ ಮಾಡುವ ಅನುಮತಿ ಆಗ ಸಿಕ್ಕುವಂತಿರಲಿಲ್ಲ. ಆದ್ದರಿಂದ ಕೇಬಲ್ ತಂತಿಯಲ್ಲಿ ಮನೆಮನೆಗೆ ಧ್ವನಿ ಹರಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಸಮುದಾಯ ರೇಡಿಯೋ ನಡೆಸುವ ಅವಕಾಶ ದೊರೆತದ್ದು 2006ರಲ್ಲಿ.

ಸಮುದಾಯ ರೇಡಿಯೋಕ್ಕೆ ಗೋಪುರ ಬೇಕು, ಪ್ರಸಾರ ಯಂತ್ರ ಬೇಕು, ಸರ್ಕಾರದ ಪರವಾನಗಿ ಬೇಕು. ಅದು ಒಳ್ಳೆಯದೇ, ಕೈಲಾದವರು ಮಾಡತಕ್ಕದ್ದು. ಅಂತರ್ಜಾಲ ರೇಡಿಯೋಕ್ಕೆ ಗೋಪುರವಿಲ್ಲ. ಗಾಳಿಯ ತರಂಗಗಳನ್ನು ನಾವು ಬಳಸುವುದಿಲ್ಲವಾದ್ದರಿಂದ ಅದಕ್ಕಾಗಿ ಕೊಡುವ ಪರವಾನಗಿಯ ಪ್ರಶ್ನೆಯೂ ಬರುವುದಿಲ್ಲ. ಒಂದು ಕಂಪ್ಯೂಟರ್, ಒಂದು ಮೈಕು, ಒಂದು ಅಂತರ್ಜಾಲ ಸಂಪರ್ಕ ಇದ್ದರೆ ಆರಂಭಿಸಬಹುದು.

ಬಿತ್ತನೆ ಬೀಜದಂಥ ತಂತ್ರಾಂಶ

ಕಂಪ್ಯೂಟರಿಗೆ ಕೆಲಸ ಹೇಳಿಕೊಡುವ ಬರಹವೇ ತಂತ್ರಾಂಶ. ಅದರಲ್ಲಿ ಎರಡು ಬಗೆ. ಒಂದು, ಅಂಗಡಿಯಿಂದ ತರುವ ಹೈಬ್ರಿಡ್ ಬೀಜದಂತೆ. ಪ್ರತಿ ವರ್ಷ ದುಡ್ಡು ಕೊಡಬೇಕು, ಒಳಗೇನಿದೆಯೆಂದು ನಮಗೆ ತಿಳಿಯದು. ಇನ್ನೊಂದು, ನಮ್ಮ ಮನೆಯ ಗುಡಾಣದಲ್ಲಿಟ್ಟ ನಾಟಿ ಬೀಜದಂತೆ. ಬಿತ್ತಬಹುದು, ನೆರೆಯವರಿಗೆ ಕಡ ಕೊಡಬಹುದು, ಒಳ್ಳೆಯ ತೆನೆ ಆರಿಸಿ ತಳಿಯನ್ನು ಸುಧಾರಿಸಬಹುದು. ಈ ಎರಡನೆಯ ಬಗೆಗೆ ಮುಕ್ತ ತಂತ್ರಾಂಶ ಎನ್ನುತ್ತಾರೆ. ಅದನ್ನು ಬರೆದ ಮೂಲ ಬರಹವನ್ನೇ ಎಲ್ಲರ ಮುಂದೆ ತೆರೆದಿಟ್ಟಿರುತ್ತಾರೆ. ನಮಗೆ ಬೇಕಾದ ಮೂರೂ ತಂತ್ರಾಂಶಗಳು ಜಿಪಿಎಲ್ ಎಂಬ ಕರಾರಿಗೆ ಒಳಪಟ್ಟವು. ನಿನಗೆ ಸಿಕ್ಕ ಸ್ವಾತಂತ್ರ್ಯವನ್ನೇ ನಿನ್ನಿಂದ ಪಡೆಯುವವನಿಗೂ ಕೊಡು ಎಂಬುದು ಆ ಕರಾರಿನ ಸಾರ.

ಆ ಮೂರು ಇವು:

1. ಆಡಾಸಿಟಿ: ಧ್ವನಿ ಮುದ್ರಿಸಿಕೊಂಡು ಹಸನು ಮಾಡುವ ತಂತ್ರಾಂಶ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಇದರ ಕೆಲಸ ಆರಂಭವಾಯಿತು.

2. ಬಟ್: ಮೈಕಿನ ಧ್ವನಿಯನ್ನು ಅಂತರ್ಜಾಲಕ್ಕೆ ಎತ್ತಿ ಹಾಕುವ ಚಿಕ್ಕ ತಂತ್ರಾಂಶ.

3. ಐಸ್‌ಕಾಸ್ಟ್: ಬಂದ ಧ್ವನಿಯನ್ನು ಕೇಳುಗರಿಗೆಲ್ಲ ಹಂಚುವ ತಂತ್ರಾಂಶ. ಲಾಭದ ಉದ್ದೇಶವಿಲ್ಲದ ಕ್ಸಿಫ್ ಎಂಬ ಸಂಸ್ಥೆಯವರು ಇದನ್ನು ನೋಡಿಕೊಳ್ಳುತ್ತಾರೆ.

ಇವಕ್ಕೆ ದುಡ್ಡಿಲ್ಲ. ಆದರೆ ಕರೆಂಟಿಗೆ, ಅಂತರ್ಜಾಲಕ್ಕೆ, ಮೈಕಿಗೆ ದುಡ್ಡು ಉಂಟು. ಎಲ್ಲಕ್ಕಿಂತ ಹೆಚ್ಚಾಗಿ ದಿನವೂ ಕುಳಿತು ಮಾಡುವ ಜನ ಬೇಕು. ಬೀಜ ಬಿಟ್ಟಿಯಾಗಿ ಸಿಕ್ಕಿತೆಂದು ಉಳುಮೆ ಬಿಟ್ಟಿಯಾಗುವುದಿಲ್ಲವಷ್ಟೆ.

ಧ್ವನಿ ಹರಿಯುವ ಕ್ರಮ

ಇದನ್ನು ನೀರಾವರಿಗೆ ಹೋಲಿಸಿದರೆ ಬೇಗ ತಿಳಿಯುತ್ತದೆ. ಮೈಕು ಬಾವಿಯಿದ್ದಂತೆ. ಬಟ್ ತಂತ್ರಾಂಶವು ನೀರೆತ್ತುವ ಪಂಪಿನಂತೆ. ಐಸ್‌ಕಾಸ್ಟ್ ನೀರು ಬಂದು ಬೀಳುವ ತೊಟ್ಟಿಯಂತೆ. ತೊಟ್ಟಿಗೆ ತೂಬುಗಳಿರುತ್ತವೆ, ಒಂದೊಂದು ತೂಬಿಗೂ ಒಂದು ಹೆಸರು. ಕೇಳುಗರ ಫೋನುಗಳು ಗದ್ದೆಗಳು. ಯಾವ ತೂಬಿನ ಹೆಸರು ಹೇಳಿದರೆ ಆ ತೂಬಿನ ಧ್ವನಿ ಅವರಿಗೆ ಹರಿಯುತ್ತದೆ.

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ನೀರು ಹಂಚಿದಷ್ಟೂ ಒಬ್ಬೊಬ್ಬರ ಪಾಲು ಕಡಿಮೆಯಾಗುತ್ತದೆ. ಮಾತು ಹಾಗಲ್ಲ. ಪ್ರತಿಯೊಬ್ಬ ಕೇಳುಗನಿಗೂ ಐಸ್‌ಕಾಸ್ಟ್ ಪೂರ್ತಿ ಧ್ವನಿಯ ಒಂದು ಬೇರೆ ಪ್ರತಿಯನ್ನೇ ಕಳುಹಿಸುತ್ತದೆ. ಆದ್ದರಿಂದ ಕೇಳುಗರು ಹೆಚ್ಚಿದಂತೆ ತೊಟ್ಟಿಯಿಂದ ಹೊರಡುವ ಕಾಲುವೆ ಅಗಲವಾಗುತ್ತ ಹೋಗಬೇಕು. ಎಫ್.ಎಂ. ರೇಡಿಯೋದಲ್ಲಿ ಹತ್ತು ಜನ ಕೇಳಿದರೂ ಹತ್ತು ಸಾವಿರ ಜನ ಕೇಳಿದರೂ ಪ್ರಸಾರ ಯಂತ್ರಕ್ಕೆ ಒಂದೇ. ಅಂತರ್ಜಾಲ ರೇಡಿಯೋದಲ್ಲಿ ತಲೆಗೊಂದರಂತೆ ಲೆಕ್ಕ.

ಆ ಲೆಕ್ಕ ಹೀಗಿದೆ. ಮಾತಿನ ಕಾರ್ಯಕ್ರಮಕ್ಕೆ ಎಂಪಿ3 ಎಂಬ ರೂಪದಲ್ಲಿ ಸೆಕೆಂಡಿಗೆ 48 ಕಿಲೋಬಿಟ್ ಹರಿವು ಸಾಕು. ಆಗ ಒಬ್ಬ ಕೇಳುಗನಿಗೆ ಗಂಟೆಗೆ 21.6 ಮೆಗಾಬೈಟ್ ಡೇಟಾ ಖರ್ಚಾಗುತ್ತದೆ. ಹಾಡಿನ ಕೇಂದ್ರಗಳಂತೆ 128 ಕಿಲೋಬಿಟ್ ಇಟ್ಟರೆ ಗಂಟೆಗೆ 57.6 ಮೆಗಾಬೈಟ್. 2012ರಲ್ಲಿ ಪ್ರಮಾಣೀಕೃತವಾದ ಓಪಸ್ ಎಂಬ ಹೊಸ ರೂಪದಲ್ಲಿ 24 ಕಿಲೋಬಿಟ್‌ನಲ್ಲಿಯೂ ಮಾತು ಸ್ಪಷ್ಟವಾಗಿ ಕೇಳುತ್ತದೆ, ಗಂಟೆಗೆ 10.8 ಮೆಗಾಬೈಟ್ ಸಾಕು. ಆದರೆ ಕೆಲವು ಹಳೆಯ ಫೋನುಗಳಲ್ಲಿ ಅದು ನುಡಿಯುವುದಿಲ್ಲ. ಎಂಪಿ3 ಎಲ್ಲ ಫೋನಿನಲ್ಲೂ ನುಡಿಯುತ್ತದೆ. ಆದ್ದರಿಂದ ಆರಂಭದಲ್ಲಿ ಎಂಪಿ3 ಇಡುವುದೇ ಲೇಸು.

ಮೊದಲ ಪ್ರಯೋಗ: ಒಂದೇ ಕಟ್ಟಡದೊಳಗೆ

ಹೊಸ ತಳಿಯನ್ನು ಮೊದಲು ಒಂದು ಮಡಿಯಲ್ಲಿ ಹಾಕಿ ನೋಡುವಂತೆ ಇದನ್ನೂ ಮೊದಲು ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ನಡೆಸಿ ನೋಡಬೇಕು. ಒಂದು ವೈ-ಫೈ ಪೆಟ್ಟಿಗೆಯಿದ್ದರೆ ಸಾಕು. ಹೊರಗಿನ ಅಂತರ್ಜಾಲವಿಲ್ಲದೆಯೂ ಈ ಪ್ರಯೋಗ ನಡೆಯುತ್ತದೆ.

ಒಂದನೆಯ ಹಂತ. ಐಸ್‌ಕಾಸ್ಟ್ ಸ್ಥಾಪಿಸುವುದು. ಹಳೆಯ ಕಂಪ್ಯೂಟರ್ ಆದರೂ ಆದೀತು. ಅದಕ್ಕೆ ಉಬುಂಟು ಅಥವಾ ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿದ್ದರೆ ಅವುಗಳ ತಂತ್ರಾಂಶ ಭಂಡಾರದಲ್ಲಿಯೇ 'ಐಸ್‌ಕಾಸ್ಟ್2' ಎಂಬ ಹೆಸರಿನಲ್ಲಿ ಇದು ಸಿಗುತ್ತದೆ. ವಿಂಡೋಸ್ ಇದ್ದರೆ ಅದಕ್ಕೂ ಬೇರೆ ಪ್ರತಿ ಉಂಟು.

ಎರಡನೆಯ ಹಂತ. ಗುಪ್ತಪದಗಳನ್ನು ಇಡುವುದು. ಸ್ಥಾಪಿಸುವಾಗ ಮೂರು ಗುಪ್ತಪದಗಳನ್ನು ಕೇಳುತ್ತದೆ. ಒಂದು ಧ್ವನಿ ಕಳುಹಿಸುವವರಿಗೆ, ಒಂದು ಬೇರೆ ತೊಟ್ಟಿಗೆ ಧ್ವನಿ ಹಾಯಿಸುವವರಿಗೆ, ಒಂದು ಮೇಲ್ವಿಚಾರಕರಿಗೆ. ಮೂರಕ್ಕೂ ಬೇರೆ ಬೇರೆಯಾದ, ಉದ್ದವಾದ ಪದಗಳನ್ನು ಇಟ್ಟು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ. ಇದರಲ್ಲಿ ಉದಾಸೀನ ಮಾಡಿ ನಾವು ಪಟ್ಟ ಪಾಡನ್ನು ಮುಂದೆ ಹೇಳುತ್ತೇನೆ.

ಮೂರನೆಯ ಹಂತ. ತೊಟ್ಟಿ ತೆರೆದಿದೆಯೇ ಎಂದು ನೋಡುವುದು. ಐಸ್‌ಕಾಸ್ಟ್ ಸಾಮಾನ್ಯವಾಗಿ 8000 ಎಂಬ ಸಂಖ್ಯೆಯ ಬಾಗಿಲಲ್ಲಿ ಕುಳಿತಿರುತ್ತದೆ. ವೈ-ಫೈ ಪೆಟ್ಟಿಗೆಯು ಆ ಕಂಪ್ಯೂಟರಿಗೆ ಒಂದು ವಿಳಾಸ ಕೊಟ್ಟಿರುತ್ತದೆ. ಅದು ಸಾಮಾನ್ಯವಾಗಿ 192.168 ಎಂದು ಆರಂಭವಾಗುತ್ತದೆ. ಅದೇ ವೈ-ಫೈಗೆ ಸೇರಿದ ಒಂದು ಫೋನಿನ ಬ್ರೌಸರಿನಲ್ಲಿ ಆ ವಿಳಾಸವನ್ನು ಬರೆದು, ಅದರ ಮುಂದೆ ಒಂದರ ಮೇಲೊಂದು ಎರಡು ಚುಕ್ಕೆಯಿಟ್ಟು, 8000 ಎಂದು ಬರೆಯಿರಿ. ಐಸ್‌ಕಾಸ್ಟಿನ ಸ್ಥಿತಿಪುಟ ತೆರೆದರೆ ತೊಟ್ಟಿ ಸಿದ್ಧವಾಯಿತು. ಎಷ್ಟು ಜನ ಕೇಳುತ್ತಿದ್ದಾರೆಂಬುದೂ ಮುಂದೆ ಇದೇ ಪುಟದಲ್ಲಿ ಕಾಣಿಸುತ್ತದೆ.

ನಾಲ್ಕನೆಯ ಹಂತ. ಬಟ್ ತಂತ್ರಾಂಶವನ್ನು ಹೊಂದಿಸುವುದು. ಮೈಕು ಜೋಡಿಸಿದ ಕಂಪ್ಯೂಟರಿನಲ್ಲಿ ಬಟ್ ಹಾಕಿ. ಸೆಟ್ಟಿಂಗ್ಸ್ ಒಳಗೆ ಹೊಸ ಸರ್ವರ್ ಸೇರಿಸಿ. ಬಗೆಯೆಂದರೆ ಐಸ್‌ಕಾಸ್ಟ್, ವಿಳಾಸವೆಂದರೆ ಮೇಲೆ ಹೇಳಿದ ಕಂಪ್ಯೂಟರಿನ ವಿಳಾಸ, ಬಾಗಿಲು 8000, ಗುಪ್ತಪದವೆಂದರೆ ಧ್ವನಿ ಕಳುಹಿಸುವವರಿಗೆ ಇಟ್ಟದ್ದು, ಬಳಕೆದಾರನ ಹೆಸರು 'ಸೋರ್ಸ್'. ತೂಬಿನ ಹೆಸರಿಗೆ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಿರಿ. ಧ್ವನಿಯ ಪುಟದಲ್ಲಿ ನಿಮ್ಮ ಮೈಕನ್ನು ಆರಿಸಿ, ಎಂಪಿ3, 48 ಕಿಲೋಬಿಟ್, ಮೋನೋ ಎಂದು ಇಡಿ. ಮಾತಿಗೆ ಎರಡು ಕಿವಿಯ ಸ್ಟೀರಿಯೋ ಬೇಕಾಗಿಲ್ಲ.

ಐದನೆಯ ಹಂತ. ಮಾತಾಡಿ ನೋಡುವುದು. ಮೈಕಿನಿಂದ ಒಂದು ಗೇಣು ದೂರ ಕುಳಿತು ಸಾಧಾರಣ ದನಿಯಲ್ಲಿ ಮಾತಾಡಿ. ಬಟ್‌ನ ಪಟ್ಟಿಯಲ್ಲಿ ಬಣ್ಣ ಏರಿಳಿಯಬೇಕು. ಕೆಂಪಿಗೆ ಮುಟ್ಟಿದರೆ ಧ್ವನಿ ಒಡೆಯುತ್ತದೆ. ಮೈಕಿನ ಬಲ ಇಳಿಸಿ. ಆಮೇಲೆ ಪ್ರಸಾರದ ಗುಂಡಿ ಒತ್ತಿ. ಸಂಪರ್ಕವಾದ ಕೂಡಲೆ ಹಾಗೆಂದು ತಿಳಿಸುತ್ತದೆ. ಈಗ ಫೋನಿನಲ್ಲಿ ಸ್ಥಿತಿಪುಟದ ವಿಳಾಸದ ಮುಂದೆ ಓರೆಗೆರೆ ಹಾಕಿ ತೂಬಿನ ಹೆಸರು ಬರೆದರೆ ನಿಮ್ಮ ದನಿ ನಿಮಗೇ ಕೇಳಿಸುತ್ತದೆ.

ನೀವು ಮಾತಾಡಿ ಹತ್ತು ಸೆಕೆಂಡಾದ ಮೇಲೆ ಅದು ಫೋನಿನಲ್ಲಿ ಕೇಳಿಸಿದರೆ ಗಾಬರಿಯಾಗಬೇಡಿ. ಕೇಳುಗನು ಬಂದ ಕೂಡಲೆ ಧ್ವನಿ ಆರಂಭವಾಗಲೆಂದು ಐಸ್‌ಕಾಸ್ಟ್ ಸುಮಾರು 64 ಕಿಲೋಬೈಟಿನಷ್ಟು ಧ್ವನಿಯನ್ನು ಕೈಯಲ್ಲಿ ಹಿಡಿದಿರುತ್ತದೆ. 48 ಕಿಲೋಬಿಟ್ ಹರಿವಿನಲ್ಲಿ ಅದು ಸುಮಾರು 11 ಸೆಕೆಂಡಿನ ಮಾತು. ಆದ್ದರಿಂದ ಕೇಳುಗರು ಫೋನ್ ಮಾಡಿ ಪ್ರಶ್ನೆ ಕೇಳುವಾಗ ತಮ್ಮ ರೇಡಿಯೋದ ಸದ್ದನ್ನು ಆರಿಸಬೇಕು. ಇಲ್ಲವಾದರೆ ತಾವು ಆಗಲೇ ಆಡಿದ ಮಾತು ಕಿವಿಗೆ ಬಿದ್ದು ತಡವರಿಸುತ್ತಾರೆ.

ಎರಡನೆಯ ಪ್ರಯೋಗ: ಊರಿಗೆಲ್ಲ ಹರಿಸುವುದು

ಕಟ್ಟಡದೊಳಗೆ ಕೇಳಿಸಿದ್ದು ಊರಾಚೆ ಕೇಳಿಸಬೇಕಾದರೆ ಒಂದು ಅಡ್ಡಿಯುಂಟು. ಮನೆಯ ಸಂಪರ್ಕಕ್ಕೂ ಸಿಮ್ ಕಾರ್ಡಿಗೂ ಅನೇಕ ವೇಳೆ ಸ್ವಂತ ಹೊರವಿಳಾಸ ಇರುವುದಿಲ್ಲ. ಹತ್ತಾರು ಮನೆಗಳ ವಠಾರಕ್ಕೆ ಒಂದೇ ತಲೆಬಾಗಿಲಿದ್ದಂತೆ. ಒಳಗಿನವರು ಹೊರಗೆ ಹೋಗಬಹುದು. ಹೊರಗಿನವರಿಗೆ ನಮ್ಮ ಮನೆಯ ಬಾಗಿಲು ಯಾವುದೆಂದು ತಿಳಿಯದು. ಎರಡನೆಯ ಅಡ್ಡಿ, ಕಾಲುವೆಯ ಅಗಲ. 50 ಜನ ಕೇಳಿದರೆ 48ರಂತೆ 2400 ಕಿಲೋಬಿಟ್, ಅಂದರೆ ಸೆಕೆಂಡಿಗೆ 2.4 ಮೆಗಾಬಿಟ್ ನಮ್ಮ ಊರಿನಿಂದ ಹೊರಗೆ ಹರಿಯಬೇಕಾಗುತ್ತದೆ.

ಈ ಎರಡಕ್ಕೂ ಪರಿಹಾರ ಒಂದೇ. ತೊಟ್ಟಿಯನ್ನು ಊರಿನಲ್ಲಿಡದೆ, ಕಾಲುವೆಗಳು ಅಗಲವಾಗಿರುವ ಕಡೆ ಇಡುವುದು. ಬಾಡಿಗೆಗೆ ಸರ್ವರ್ ಕೊಡುವವರು ಇದ್ದಾರೆ. ಸಣ್ಣದಕ್ಕೆ ತಿಂಗಳಿಗೆ ಕೆಲವು ನೂರು ರೂಪಾಯಿ ಬಾಡಿಗೆ. ಅದರಲ್ಲಿ ಇದೇ ಐಸ್‌ಕಾಸ್ಟನ್ನು ಇದೇ ಬಗೆಯಲ್ಲಿ ಸ್ಥಾಪಿಸಿ, 8000ದ ಬಾಗಿಲನ್ನು ತೆರೆದಿಡಬೇಕು. ಬಟ್‌ನಲ್ಲಿ ವಿಳಾಸವನ್ನೂ ಹೊಸ ಗುಪ್ತಪದವನ್ನೂ ಬದಲಾಯಿಸಿದರೆ ಸಾಕು, ಬೇರೇನೂ ಬದಲಾಗುವುದಿಲ್ಲ. ಈಗ ನಮ್ಮೂರಿನಿಂದ ಹೊರಡುವುದು 48 ಕಿಲೋಬಿಟ್‌ನ ಒಂದೇ ಒಂದು ಸಣ್ಣ ಹರಿವು. ಐವತ್ತು ಪಾಲು ಮಾಡುವ ಕೆಲಸ ಆ ಸರ್ವರಿನದು. ಭಾರತ್‌ನೆಟ್ ಯೋಜನೆಯ ತಂತಿ ನಿಮ್ಮ ಪಂಚಾಯಿತಿಗೆ ಬಂದು ನಡೆಯುತ್ತಿದ್ದರೆ ಅದೇ ಸಾಕು. ಇಲ್ಲವಾದರೆ ಒಂದು ಒಳ್ಳೆಯ ಸಿಮ್ ಕಾರ್ಡೂ ಈ ಹರಿವನ್ನು ತಾಳುತ್ತದೆ.

ಐಸ್‌ಕಾಸ್ಟ್ ತಾನಾಗಿಯೇ 100 ಕೇಳುಗರಿಗೆ ಮಿತಿ ಹಾಕಿಕೊಂಡಿರುತ್ತದೆ. ಊರು ದೊಡ್ಡದಾದರೆ ಅದರ ಸಂರಚನೆಯ ಕಡತದಲ್ಲಿ ಈ ಸಂಖ್ಯೆಯನ್ನು ಏರಿಸಿಕೊಳ್ಳಬಹುದು. ನೇರವಾಗಿ ಮಾತಾಡಲಾಗದ ದಿನ, ಆಡಾಸಿಟಿಯಲ್ಲಿ ಮೊದಲೇ ಮುದ್ರಿಸಿಟ್ಟದ್ದನ್ನು ಹಾಕಬಹುದು. ಮುದ್ರಿಸುವಾಗ ಮೊದಲ ಐದು ಸೆಕೆಂಡು ಯಾರೂ ಮಾತಾಡದೆ ಸುಮ್ಮನಿರಿ. ಆ ಮೌನದಲ್ಲಿ ಫ್ಯಾನಿನ ಸದ್ದು ಮಾತ್ರ ಬಿದ್ದಿರುತ್ತದೆ. ಆ ತುಂಡನ್ನು ತೋರಿಸಿ ಇಂಥ ಸದ್ದನ್ನು ತೆಗೆ ಎಂದರೆ ಆಡಾಸಿಟಿ ಪೂರ್ತಿ ಮುದ್ರಣದಿಂದ ಅದನ್ನು ಕೇರಿ ತೆಗೆಯುತ್ತದೆ.

ತೊಂದರೆ ಬಂದರೆ

ಸಂಪರ್ಕವಾಗಿದೆ, ಧ್ವನಿ ಮಾತ್ರ ಬರುತ್ತಿಲ್ಲ: ನಮ್ಮ ಮೊದಲ ದಿನ ಹೀಗೇ ಆಯಿತು. ಅರ್ಧ ಗಂಟೆ ಮಾತಾಡಿದೆ, ಯಾರಿಗೂ ಕೇಳಿಸಲಿಲ್ಲ. ಕಂಪ್ಯೂಟರ್ ನಾವು ಜೋಡಿಸಿದ ಮೈಕನ್ನು ಬಿಟ್ಟು ಬೇರೊಂದು ಕಡೆಯಿಂದ ಧ್ವನಿ ಹುಡುಕುತ್ತಿತ್ತು. ಬಟ್‌ನ ಪಟ್ಟಿ ಅಲುಗಾಡುತ್ತಿಲ್ಲವಾದರೆ ಮೈಕಿನ ಆಯ್ಕೆ ತಪ್ಪಾಗಿದೆ ಎಂದರ್ಥ.

ಸಂಪರ್ಕವೇ ಆಗುತ್ತಿಲ್ಲ: ಗುಪ್ತಪದ, ಬಾಗಿಲಿನ ಸಂಖ್ಯೆ, ವಿಳಾಸ, ಈ ಮೂರನ್ನು ಕ್ರಮವಾಗಿ ನೋಡಿ. ಒಂದು ಅಕ್ಷರ ತಪ್ಪಿದರೂ ಸಂಪರ್ಕವಾಗದು.

ಕೇಳುಗರಿಗೆ ತಡೆತಡೆದು ಬರುತ್ತದೆ: ಎಲ್ಲರಿಗೂ ಹಾಗಾದರೆ ನಮ್ಮ ಕಡೆಯ ಸಂಪರ್ಕ ಸೊರಗಿದೆ; ಹರಿವನ್ನು 32 ಕಿಲೋಬಿಟ್‌ಗೆ ಇಳಿಸಿ. ಒಬ್ಬಿಬ್ಬರಿಗೆ ಮಾತ್ರ ಆದರೆ ಅವರ ಕಡೆ ಸಿಗ್ನಲ್ ಕಡಿಮೆ.

ಕರೆಂಟು ಹೋಯಿತು: ಲ್ಯಾಪ್‌ಟಾಪಿಗೆ ಬ್ಯಾಟರಿಯಿರುತ್ತದೆ, ವೈ-ಫೈ ಪೆಟ್ಟಿಗೆಗೆ ಇರುವುದಿಲ್ಲ. ಅದಕ್ಕೊಂದು ಸಣ್ಣ ಬ್ಯಾಟರಿಯ ಏರ್ಪಾಡು ಮೊದಲೇ ಮಾಡಿಡಿ.

ನಾವು ಮಾಡಿದ ಎರಡು ತಪ್ಪುಗಳು

ಮೊದಲನೆಯದು ಗುಪ್ತಪದದ್ದು. ಐಸ್‌ಕಾಸ್ಟಿನ ಕಡತದಲ್ಲಿ ಮಾದರಿಗೆಂದು 'ಹ್ಯಾಕ್‌ಮಿ' ಎಂಬ ಗುಪ್ತಪದ ಇರುತ್ತದೆ. ಕನ್ನಡದಲ್ಲಿ ಹೇಳುವುದಾದರೆ 'ನನ್ನ ಬೀಗ ಮುರಿ' ಎಂದಂತೆ. ಬದಲಾಯಿಸದೆ ಇರಬೇಡಿ ಎಂದು ಎಚ್ಚರಿಸುವುದಕ್ಕಾಗಿಯೇ ಅಂಥ ಹೆಸರು ಇಟ್ಟಿದ್ದಾರೆ. ಲೋಕಕ್ಕೆಲ್ಲ ಗೊತ್ತಿರುವ ಈ ಪದವನ್ನು ನಾಳೆ ಬದಲಾಯಿಸೋಣವೆಂದು ನಾವು ಬಿಟ್ಟಿದ್ದೆವು. ಮೂರನೆಯ ದಿನ ರಾತ್ರಿ ಯಾರೋ ಅಪರಿಚಿತರು ನಮ್ಮ ತೂಬಿಗೆ ತಮ್ಮ ಪಂಪು ಜೋಡಿಸಿ ಯಾವುದೋ ಭಾಷೆಯ ಕುಣಿತದ ಹಾಡು ಹರಿಯಬಿಟ್ಟರು. ಹಾಡಾದ್ದರಿಂದ ನಕ್ಕು ಬಿಟ್ಟೆವು. ಅದರ ಬದಲು ಕೆಟ್ಟ ಮಾತು ಹರಿದಿದ್ದರೆ ಊರಿನ ಹೆಸರು ಹೋಗುತ್ತಿತ್ತು.

ಎರಡನೆಯದು ನನ್ನದೇ ತಪ್ಪು. ಸೈನಿಕ ಹುಳುವಿನ ಮೊಟ್ಟೆ ಮತ್ತು ಮರಿಹುಳುವಿನ ಕಾಲಕ್ಕೆ 1500 ಪಿಪಿಎಂ ಬೇವಿನ ಔಷಧಿಯನ್ನು ಲೀಟರ್ ನೀರಿಗೆ 5 ಮಿಲಿಲೀಟರಿನಂತೆ ಬೆರೆಸಬೇಕು. 16 ಲೀಟರಿನ ಕ್ಯಾನಿಗೆ 80 ಮಿಲಿಲೀಟರ್ ಆಗುತ್ತದೆ. ನಾನು ಚೀಟಿ ನೋಡದೆ ಮಾತಾಡುತ್ತ 'ಕ್ಯಾನಿಗೆ 5 ಮಿಲಿಲೀಟರ್' ಎಂದುಬಿಟ್ಟೆ. ಹಿರಿಯ ರೈತರೊಬ್ಬರು ಕೂಡಲೆ ಫೋನು ಮಾಡಿ, "ಏನಪ್ಪಾ, ಕ್ಯಾನಿಗೆ ಐದು ಮಿಲಿ ಹಾಕಿದ್ರೆ ಹುಳಕ್ಕೆ ತಲೆಗೆ ನೀರು ಹಾಕ್ದಂಗಾಯ್ತಲ್ಲ!" ಎಂದರು. ಆಗಲೇ ತಿದ್ದಿ ಹೇಳಿದೆ. ಆದರೆ ನಡುವೆ ಕೇಳುವುದನ್ನು ಬಿಟ್ಟು ಎದ್ದು ಹೋದವರ ಕಿವಿಗೆ ತಿದ್ದುಪಡಿ ಬಿದ್ದಿರಲಿಲ್ಲ. ಮುಂದಿನ ಎರಡು ದಿನ ಜೋಳ ಹಾಕಿದವರ ಮನೆಮನೆಗೆ ನಡೆದು ಹೇಳಿಬಂದೆ. ಇಬ್ಬರು ಆಗಲೇ 5 ಮಿಲಿಲೀಟರಿನಂತೆ ಹೊಡೆದಿದ್ದರು. ಅವರು ಮತ್ತೆ ಹೊಡೆಯಬೇಕಾಯಿತು. ಕೂಲಿಯೂ ಹೋಯಿತು, ಹೊತ್ತೂ ಹೋಯಿತು.

ಹಲಗೆಯ ಮೇಲೆ ಬರೆದದ್ದನ್ನು ಒರೆಸಿ ತಿದ್ದಬಹುದು. ಆಡಿದ ಮಾತು ಹಾರಿಹೋದ ಹಕ್ಕಿ. ಆ ದಿನದಿಂದ ನಾವು ಒಂದು ಕಟ್ಟು ಮಾಡಿಕೊಂಡಿದ್ದೇವೆ. ಔಷಧಿ, ಗೊಬ್ಬರ, ಬೆಲೆ, ತಾರೀಖು, ಈ ನಾಲ್ಕನ್ನು ಬಾಯಿಪಾಠ ಹೇಳಕೂಡದು. ಕಾಗದ ನೋಡಿ ನಿಧಾನವಾಗಿ ಎರಡು ಸಲ ಓದಬೇಕು; ಪಕ್ಕದಲ್ಲಿ ಕುಳಿತವರು ಕಿವಿಗೊಟ್ಟು ಹೋಲಿಸಿ ನೋಡಬೇಕು. ಬಟ್‌ನಲ್ಲಿ ಮುದ್ರಿಸುವ ಗುಂಡಿಯೂ ಇದೆ. ಪ್ರತಿ ಕಾರ್ಯಕ್ರಮವನ್ನೂ ಮುದ್ರಿಸಿಡಬೇಕು. ಏನು ಹೇಳಿದೆವೆಂಬುದಕ್ಕೆ ಅದೇ ಸಾಕ್ಷಿ.

ಕಾನೂನಿನ ಮಾತು

ಪ್ರಸಾರದ ಪರವಾನಗಿ ಬೇಡವೆಂದ ಮಾತ್ರಕ್ಕೆ ಏನು ಬೇಕಾದರೂ ಹಾಕಬಹುದೆಂದಲ್ಲ. ಸಿನಿಮಾ ಹಾಡುಗಳಿಗೆ ಹಕ್ಕುದಾರರಿದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಅವರ ಅನುಮತಿಯಿಲ್ಲದೆ ಹಾಡು ಹಾಕಕೂಡದು. ಸುದ್ದಿ ಪ್ರಕಟಿಸುವವರಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಅನ್ವಯಿಸುತ್ತವೆ. ಆದ್ದರಿಂದ ರಾಜಕೀಯ ಸುದ್ದಿಗೆ ಹೋಗದೆ ಬೇಸಾಯ, ಆರೋಗ್ಯ, ಶಾಲೆ, ಹಾಲಿನ ಸಂಘ, ಇಷ್ಟಕ್ಕೆ ಇರುವುದು ಒಳ್ಳೆಯದು. ಹಾಡು ಬೇಕೆಂದರೆ ನಮ್ಮೂರಿನಲ್ಲಿ ಬಡತನವೇ? ಸೋಬಾನೆ ಉಂಟು, ಬೀಸುವ ಪದವುಂಟು, ಕೋಲಾಟ, ಭಜನೆ ಉಂಟು. ಅಜ್ಜಿಯರ ಒಪ್ಪಿಗೆ ಕೇಳಿ ಅವರ ದನಿಯಲ್ಲಿಯೇ ಮುದ್ರಿಸಿ ಹಾಕಿ. ರೇಡಿಯೋಕ್ಕೂ ಹಾಡಾಯಿತು, ಆ ಹಾಡುಗಳೂ ಉಳಿದವು.

ಫೋನಿಲ್ಲದವರು ಏನು ಮಾಡಬೇಕು?

ಈ ಪ್ರಶ್ನೆಯನ್ನು ಬಿಟ್ಟರೆ ನಮ್ಮ ಕೆಲಸವೆಲ್ಲ ವ್ಯರ್ಥ. ಅಂತರ್ಜಾಲದ ಫೋನು ಎಲ್ಲರ ಕೈಯಲ್ಲಿಲ್ಲ. ಇದ್ದ ಮನೆಯಲ್ಲಿಯೂ ಅದು ಅನೇಕ ವೇಳೆ ಮಗನ ಕೈಯಲ್ಲಿರುತ್ತದೆ, ತಾಯಿಯ ಕೈಯಲ್ಲಿರುವುದಿಲ್ಲ. ಇದಕ್ಕೆ ಪುಣೆಯ ಪ್ರಯೋಗದ ದಾರಿಯೇ ನಮಗೆ ದಾರಿ. ಹಾಲಿನ ಸಂಘದ ಮುಂದೆ, ಮಹಿಳಾ ಸಮಾಜದ ಜಗಲಿಯಲ್ಲಿ, ಒಂದು ಫೋನನ್ನು ಒಂದು ಸ್ಪೀಕರಿಗೆ ಜೋಡಿಸಿದರೆ ನಲವತ್ತು ಜನ ಕೇಳಬಹುದು. ತೊಟ್ಟಿಯ ಲೆಕ್ಕದಲ್ಲಿ ಅದು ಒಬ್ಬನೇ ಕೇಳುಗ. ಡೇಟಾ ಗಂಟೆಗೆ 21.6 ಮೆಗಾಬೈಟ್ ಮಾತ್ರ. ಕಾರ್ಯಕ್ರಮ ಮುಗಿದ ಮೇಲೆ ಹತ್ತು ನಿಮಿಷ ಅಲ್ಲಿಯೇ ಮಾತುಕತೆ ನಡೆಯಲಿ. ಎದ್ದ ಪ್ರಶ್ನೆಗಳನ್ನು ಓದು ಬಲ್ಲ ಒಬ್ಬರು ಬರೆದುಕೊಡಲಿ. ಮರುದಿನದ ಕಾರ್ಯಕ್ರಮ ಆ ಪ್ರಶ್ನೆಗಳಿಂದಲೇ ಆರಂಭವಾಗಲಿ.

ಆ ಹಳ್ಳಿಯಲ್ಲಿ ಈಗ ನಡೆಯುತ್ತಿರುವುದು ಇದೇ. ಸಂಜೆ ಏಳರಿಂದ ಏಳೂವರೆ. ವಾರಕ್ಕೆ ಮೂರು ದಿನ. ಮೊದಲ ಹತ್ತು ನಿಮಿಷ ಬೆಳೆಯ ಮಾತು, ಆಮೇಲೆ ಹತ್ತು ನಿಮಿಷ ಪ್ರಶ್ನೋತ್ತರ, ಕೊನೆಗೆ ಹಾಡು. ಜೋಳದ ಗಿಡ ಕಿತ್ತು ತಂದಿದ್ದ ಆ ತಾಯಿ ಹಾಲು ಹಾಕಿ ಅಲ್ಲೇ ಕುಳಿತು ಕೇಳುತ್ತಾರೆ. ಹೋದ ತಿಂಗಳು ಒಂದು ದಿನ ನಾನೇ ಅವರನ್ನು ಮೈಕಿನ ಮುಂದೆ ಕರೆದು ಕೂರಿಸಿದೆ. ಎಲೆಯ ಮೇಲಿನ ಮೊಟ್ಟೆಯ ಗುಂಪನ್ನು ಬೆಳಗ್ಗೆ ಹೊತ್ತಾರೆ ಹೇಗೆ ಗುರುತಿಸಿ ಬೆರಳಿನಿಂದ ಹೊಸಕಿಹಾಕುತ್ತೇನೆಂಬುದನ್ನು ಅವರು ಹೇಳಿದರು. ಅಷ್ಟು ಚೆನ್ನಾಗಿ ಆ ಸಂಗತಿಯನ್ನು ನಾನು ಯಾವ ಹಲಗೆಯ ಮೇಲೂ ಬರೆದಿರಲಿಲ್ಲ.

ನಿಮ್ಮ ಹಳ್ಳಿಯಲ್ಲಿಯೂ ಆರಂಭಿಸಬೇಕೆಂದಿದ್ದರೆ ಮೂವರು ಮುಂದೆ ಬರಲಿ. ಕಂಪ್ಯೂಟರ್ ನೋಡಿಕೊಳ್ಳಲು ಒಬ್ಬರು, ಮಾತಾಡಲು ಒಬ್ಬರು, ಮಾತಾಡುವವರ ತಪ್ಪು ಹಿಡಿಯಲು ಒಬ್ಬರು. ಈ ಮೂರನೆಯವರನ್ನು ಮಾತ್ರ ಮರೆಯಬೇಡಿ. ಮೊದಲ ಪ್ರಯೋಗದ ದಿನ ನಾನೂ ಬಂದು ಜೊತೆಗೆ ಕುಳಿತುಕೊಳ್ಳುತ್ತೇನೆ.

ನಿಮ್ಮ ಸೇವೆಯಲ್ಲಿ,
ಗ್ರಾಮಸೇವಕ